ಬಟಾಣಿ, ತಕ್ಕಡಿ, ಲೆಕ್ಕದ ಪುಸ್ತಕ: ಜಲಜನಕ ಮತ್ತು ಅದರ ಸಮಸ್ಥಾನಿಗಳನ್ನು ಮನೆಯಲ್ಲೇ ಕಲಿಸುವ ಬಗೆ

ನಮ್ಮಪ್ಪ ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಲೆಕ್ಕ ಕೂಡಿಸುವ ಕೆಲಸ. ಎಂಟಾಣೆ ಕಡಿಮೆ ಬಂದರೂ ಅವರು ಎದ್ದು ಬರುತ್ತಿರಲಿಲ್ಲ. "ದುಡ್ಡು ಆವಿ ಆಗುವುದಿಲ್ಲ ಮಾರಾಯ್ತಿ, ಎಲ್ಲೋ ಹೋಗಿದೆ, ಹುಡುಕಬೇಕು" ಅನ್ನುತ್ತಿದ್ದರು. ಶಾಲೆಯಲ್ಲಿ ಪರಮಾಣು ಪಾಠವನ್ನು ಬಾಯಿಪಾಠ ಮಾಡಿ ಪಾಸಾದ ನನಗೆ, ಬಹಳ ವರ್ಷಗಳ ನಂತರ ಅದು ನಿಜವಾಗಿ ಅರ್ಥವಾದದ್ದು ಅಪ್ಪನ ಈ ಮಾತಿನಿಂದ. ಪರಮಾಣುವಿನ ಒಳಗೂ ಒಂದು ಗಲ್ಲಾ ಇದೆ. ಅಲ್ಲೂ ಪೈಸೆ ಪೈಸೆಗೆ ಲೆಕ್ಕ ಸಿಗುತ್ತದೆ.

ಈಗ ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ನಾಲ್ಕೈದು ಕನ್ನಡದ ಮಕ್ಕಳು ಮನೆಗೆ ಬರುತ್ತಾರೆ. ಶಾಲೆ ಇಂಗ್ಲಿಷಿನಲ್ಲಿ, ಆಟ ಮರಾಠಿ ಹಿಂದಿಯಲ್ಲಿ, ಊಟ ಕನ್ನಡದಲ್ಲಿ. ಇವರಿಗೆ ಜಲಜನಕದ ಪಾಠವನ್ನು ಕನ್ನಡದಲ್ಲೇ ಮಾಡುತ್ತೇನೆ. ನಾಲ್ಕು ಭಾನುವಾರ ಸಾಕು. ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಮಗು ಏಳನೇ ಕ್ಲಾಸು ದಾಟಿದ್ದರೆ, ದಶಮಾಂಶದ ಕೂಡು ಕಳೆ ಬಂದರೆ, ನೀವೂ ಮಾಡಬಹುದು.

ಏನೇನು ಬೇಕು

ಒಣ ಬಿಳಿ ಬಟಾಣಿ ಒಂದು ಹಿಡಿ, ಒಣ ಹಸಿರು ಬಟಾಣಿ ಒಂದು ಹಿಡಿ. ಇಲ್ಲಿನ ಯಾವ ಕಿರಾಣಿ ಅಂಗಡಿಯಲ್ಲಿ 'ವಟಾಣಾ' ಅಂದರೂ ಎರಡೂ ಸಿಗುತ್ತವೆ. ಎರಡು ಕಿಲೋ ಅಕ್ಕಿ, ಚಿಟಿಕೆ ಅರಿಶಿನ, ರಂಗೋಲಿ ಪುಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ, 64 ನಾಣ್ಯ, ಒಂದು ಕ್ಯಾಲ್ಕುಲೇಟರ್. ಮತ್ತೆ ಗೆರೆ ಹಾಕಿದ ಒಂದು ಲೆಕ್ಕದ ಪುಸ್ತಕ. ಪುಸ್ತಕ ಮಾತ್ರ ಬಿಡಬೇಡಿ, ಅರ್ಧ ಪಾಠ ಅದರಲ್ಲೇ ನಡೆಯುವುದು.

ಪದಗಳನ್ನೂ ಮೊದಲೇ ಹೇಳಿಬಿಡಿ. ಹೈಡ್ರೋಜನ್ ಅಂದರೆ ಜಲಜನಕ, ನೀರನ್ನು ಹುಟ್ಟಿಸುವುದು. ಐಸೋಟೋಪ್ ಅಂದರೆ ಸಮಸ್ಥಾನಿ, ಒಂದೇ ಜಾಗದಲ್ಲಿ ಕೂರುವವರು. ಮೂಲವಸ್ತುಗಳ ಪಟ್ಟಿಯಲ್ಲಿ ಒಂದೇ ಮನೆಯಲ್ಲಿ ಕೂರುತ್ತಾರೆ, ಆದರೆ ತೂಕ ಬೇರೆ. ಫ್ರೆಡ್ರಿಕ್ ಸಾಡಿ 1913ರಲ್ಲಿ ಬಳಕೆಗೆ ತಂದ ಪದ ಇದು. ಕನ್ನಡದ ಪದ ಕೇಳಿದ ಕೂಡಲೇ ಮಕ್ಕಳಿಗೆ ಅರ್ಥ ತಾನಾಗೇ ಹೊಳೆಯುತ್ತದೆ. ಇಂಗ್ಲಿಷ್ ಪದದಲ್ಲಿ ಹಾಗಾಗುವುದನ್ನು ನಾನು ನೋಡಿಲ್ಲ.

ಹೆಜ್ಜೆ 1: ಮೂರು ಕಣ, ಮೂರು ಬೆಲೆ

ಬಿಳಿ ಬಟಾಣಿ ಪ್ರೋಟಾನ್. ಅದಕ್ಕೆ ಧನ ವಿದ್ಯುತ್ತು ಇದೆ. ಹಸಿರು ಬಟಾಣಿ ನ್ಯೂಟ್ರಾನ್. ಅದಕ್ಕೆ ವಿದ್ಯುತ್ತೇ ಇಲ್ಲ. ಎರಡರ ಗಾತ್ರ, ತೂಕ ಹೆಚ್ಚುಕಡಿಮೆ ಒಂದೇ. ಎಲೆಕ್ಟ್ರಾನಿಗೆ ಋಣ ವಿದ್ಯುತ್ತು. ತೂಕ ಮಾತ್ರ ತೀರಾ ಕಡಿಮೆ, ಪ್ರೋಟಾನಿನ 1836ರಲ್ಲಿ ಒಂದು ಪಾಲು.

1836 ಅಂದರೆ ಎಷ್ಟು ಅಂತ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ತಕ್ಕಡಿ ತೆಗೆಯಿರಿ. ಒಂದು ಪಾತ್ರೆಯಲ್ಲಿ 1 ಕಿಲೋ 836 ಗ್ರಾಂ ಅಕ್ಕಿ ತೂಗಿಸಿ. ಒಂದು ಚಿಕ್ಕ ಬಟ್ಟಲಲ್ಲಿ 1 ಗ್ರಾಂ ಅಕ್ಕಿ, ಅಂದರೆ ಐವತ್ತು ಅರವತ್ತು ಕಾಳು. ಪಾತ್ರೆ ಪ್ರೋಟಾನ್, ಬಟ್ಟಲು ಎಲೆಕ್ಟ್ರಾನ್. ಮಗುವಿನ ಒಂದೊಂದು ಕೈಗೆ ಒಂದೊಂದು ಕೊಡಿ. ಒಂದು ಕೈ ಜಗ್ಗುತ್ತದೆ, ಇನ್ನೊಂದು ಕೈಗೆ ಏನೂ ಗೊತ್ತೇ ಆಗುವುದಿಲ್ಲ.

ಈಗ ಲೆಕ್ಕದ ಪುಸ್ತಕ ತೆರೆಯಿರಿ. ಎಲೆಕ್ಟ್ರಾನಿನ ತೂಕವನ್ನು 1 ಪೈಸೆ ಅಂತ ಇಟ್ಟುಕೊಳ್ಳೋಣ. ಆಗ ಪ್ರೋಟಾನ್ 1836.15 ಪೈಸೆ. ನ್ಯೂಟ್ರಾನ್ 1838.68 ಪೈಸೆ. ಇವು ಅಳೆದು ಕಂಡುಕೊಂಡ ಅಂಕಿಗಳು. ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಸಿ. ನ್ಯೂಟ್ರಾನ್ ಎರಡೂವರೆ ಪೈಸೆ ಜಾಸ್ತಿ ತೂಗುತ್ತದೆ ಅನ್ನುವುದನ್ನು ಮಗುವೇ ಕಳೆದು ಹೇಳಲಿ. ಈ ಎರಡೂವರೆ ಪೈಸೆ ಮುಂದೆ ಬಹಳ ದೊಡ್ಡ ಕೆಲಸ ಮಾಡುತ್ತದೆ.

ಕಂಡುಹಿಡಿದ ಇಸವಿಗಳನ್ನೂ ಪಕ್ಕದಲ್ಲಿ ಬರೆಸಿ. ಎಲೆಕ್ಟ್ರಾನ್ 1897, ಜೆ. ಜೆ. ಥಾಮ್ಸನ್. ಪರಮಾಣುವಿನ ನಡುವೆ ಒಂದು ಚಿಕ್ಕ ಗಟ್ಟಿ ಬೀಜ ಇದೆ ಅಂತ ರುದರ್‌ಫೋರ್ಡ್ ಹೇಳಿದ್ದು 1911ರಲ್ಲಿ. ನ್ಯೂಟ್ರಾನ್ ಸಿಕ್ಕಿದ್ದು ತಡವಾಗಿ, 1932ರಲ್ಲಿ, ಜೇಮ್ಸ್ ಚಾಡ್ವಿಕ್ ಕೈಯಲ್ಲಿ.

ಹೆಜ್ಜೆ 2: ಲೋಕಲ್ ಟ್ರೇನ್ ಉದ್ದದ ಪರಮಾಣು

ಪುಸ್ತಕದಲ್ಲಿ ಬಿಡಿಸುವ ಚಿತ್ರ ಮಕ್ಕಳ ದಾರಿ ತಪ್ಪಿಸುತ್ತದೆ. ನಡುವೆ ಒಂದು ಗುಂಡು, ಅದರ ಪಕ್ಕದಲ್ಲೇ ಇನ್ನೊಂದು ಗುಂಡು ಸುತ್ತುತ್ತಿರುತ್ತದೆ. ಅಳತೆ ಹಾಕಿ ನೋಡಿದರೆ ಕಥೆಯೇ ಬೇರೆ.

ಪ್ರೋಟಾನಿನ ತ್ರಿಜ್ಯ ಸುಮಾರು 0.84 ಫೆಮ್ಟೋಮೀಟರ್. ಒಂದು ಮೀಟರನ್ನು ಕೋಟಿ ಪಾಲು ಮಾಡಿ, ಆ ಒಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೋಮೀಟರ್. ಎಲೆಕ್ಟ್ರಾನ್ ಹೆಚ್ಚಾಗಿ ಸಿಗುವ ದೂರ ಸುಮಾರು 52,900 ಫೆಮ್ಟೋಮೀಟರ್. ಭಾಗಿಸಿದರೆ ಸುಮಾರು 63,000 ಬರುತ್ತದೆ.

ಬಟಾಣಿಯ ತ್ರಿಜ್ಯ 4 ಮಿಲಿಮೀಟರ್ ಅಂತಿಟ್ಟುಕೊಳ್ಳಿ. 63,000ದಿಂದ ಗುಣಿಸಿದರೆ 252 ಮೀಟರ್. ಲೋಕಲ್ ಟ್ರೇನಿನ ಒಂದು ಡಬ್ಬಿ ಸುಮಾರು 21 ಮೀಟರ್. ಹನ್ನೆರಡು ಡಬ್ಬಿಗೆ 252. ಲೆಕ್ಕ ಎಷ್ಟು ಸರಿಯಾಗಿ ಕೂತಿತು ನೋಡಿ! ಮುಂದಿನ ಸಲ ಮಗುವಿನ ಜೊತೆ ಸ್ಟೇಷನ್‌ಗೆ ಹೋದಾಗ ಒಂದು ಬಟಾಣಿ ಜೇಬಿನಲ್ಲಿರಲಿ. ಪ್ಲಾಟ್‌ಫಾರ್ಮಿನಲ್ಲಿ ಮೋಟರ್‌ಮನ್ ಡಬ್ಬಿ ನಿಲ್ಲುವ ಕಡೆ ಮಗುವಿನ ಅಂಗೈ ಮೇಲೆ ಬಟಾಣಿ ಇಡಿ. ಹನ್ನೆರಡು ಡಬ್ಬಿಯ ಗಾಡಿ ಬಂದು ನಿಂತಾಗ ಕೊನೆಯ ಡಬ್ಬಿ ತೋರಿಸಿ. "ಬಟಾಣಿ ಇಲ್ಲಿದೆ. ಎಲೆಕ್ಟ್ರಾನ್ ಸಿಗುವುದು ಅಲ್ಲಿ." ನಡುವೆ ಬೇರೆ ಗುಂಡು ಏನೂ ಇಲ್ಲ. ನಾನು ಇದನ್ನು ಹೇಳಿದ ದಿನ ಒಬ್ಬ ಹುಡುಗ ಗಾಡಿ ಹೊರಟು ಹೋದ ಮೇಲೂ ಅಂಗೈ ಮುಚ್ಚಲಿಲ್ಲ.

ಮನೆಗೆ ಬಂದ ಮೇಲೆ ರಂಗೋಲಿ ಪುಡಿ ತೆಗೆಯಿರಿ. ಎಲೆಕ್ಟ್ರಾನ್ ಗಾಣದ ಎತ್ತಿನ ಹಾಗೆ ಒಂದೇ ದಾರಿಯಲ್ಲಿ ಸುತ್ತುವುದಿಲ್ಲ. 1913ರಲ್ಲಿ ನೀಲ್ಸ್ ಬೋರ್ ಹಾಗೆ ಲೆಕ್ಕ ಹಾಕಿದರು, ಶಕ್ತಿಯ ಅಂಕಿಗಳು ಸರಿಯಾಗೇ ಬಂದವು. ಆದರೆ ಮುಂದೆ ಬಂದ ಕ್ವಾಂಟಂ ಸಿದ್ಧಾಂತದಲ್ಲಿ ದಾರಿ ಅನ್ನುವುದೇ ಹೋಯಿತು. ಎಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಎಷ್ಟು, ಅದನ್ನಷ್ಟೇ ಹೇಳಬಹುದು. ಕಪ್ಪು ಕಾಗದದ ಮೇಲೆ ರಂಗೋಲಿ ಪುಡಿಯನ್ನು ನಡುವೆ ದಟ್ಟವಾಗಿ, ಹೊರಗೆ ಹೋದಂತೆ ತೆಳ್ಳಗೆ ಉದುರಿಸಿ. ಅಂಚು ಅನ್ನುವುದು ಇರಬಾರದು. ಇದೇ ಜಲಜನಕದ ಎಲೆಕ್ಟ್ರಾನ್ ಮೋಡ.

ಚುರುಕು ಮಗುವಾದರೆ ಕೇಳುತ್ತದೆ: ನಡುವೆ ದಟ್ಟ ಇದ್ದರೆ ಅಷ್ಟು ದೂರದಲ್ಲಿ ಜಾಸ್ತಿ ಸಿಗುತ್ತದೆ ಅಂದಿದ್ದು ಯಾಕೆ? ಒಳ್ಳೆಯ ಪ್ರಶ್ನೆ, ಹಾರಿಸಬೇಡಿ. ಈರುಳ್ಳಿಯ ಪದರಗಳನ್ನು ತೋರಿಸಿ. ಒಳಗಿನ ಪದರ ಚಿಕ್ಕದು, ಹೊರಗಿನದು ದೊಡ್ಡದು. ಒಳಗೆ ಪುಡಿ ದಟ್ಟ, ಆದರೆ ಜಾಗವೇ ಕಡಿಮೆ. ತುಂಬಾ ಹೊರಗೆ ಜಾಗ ಬೇಕಾದಷ್ಟಿದೆ, ಪುಡಿಯೇ ಇಲ್ಲ. ಎರಡನ್ನೂ ಗುಣಿಸಿದರೆ ನಡುವಿನ ಒಂದು ಪದರದಲ್ಲಿ ಅತಿ ಜಾಸ್ತಿ ಬರುತ್ತದೆ. ಆ ಪದರವೇ ನಮ್ಮ ಕೊನೆಯ ಡಬ್ಬಿ.

ಹೆಜ್ಜೆ 3: ಒಂದು ಮನೆ, ಮೂವರು ಅಣ್ಣತಮ್ಮಂದಿರು

ಒಂದು ತಟ್ಟೆಯಲ್ಲಿ ಒಂದು ಬಿಳಿ ಬಟಾಣಿ ಇಡಿ. ಇದು ಮಾಮೂಲಿ ಜಲಜನಕ, ಪ್ರೋಟಿಯಂ. ಎರಡನೇ ತಟ್ಟೆಯಲ್ಲಿ ಒಂದು ಬಿಳಿ, ಒಂದು ಹಸಿರು. ಇದು ಡ್ಯುಟೇರಿಯಂ. ಮೂರನೇ ತಟ್ಟೆಯಲ್ಲಿ ಒಂದು ಬಿಳಿ, ಎರಡು ಹಸಿರು. ಇದು ಟ್ರಿಟಿಯಂ. ಗ್ರೀಕಿನಲ್ಲಿ ಮೊದಲನೆಯದು, ಎರಡನೆಯದು, ಮೂರನೆಯದು ಅನ್ನುವ ಪದಗಳಿಂದ ಬಂದ ಹೆಸರುಗಳು ಇವು.

ಇಲ್ಲಿ ನಿಲ್ಲಿಸಿ ಕೇಳಿ: "ಪ್ರತಿ ತಟ್ಟೆಗೆ ಎಷ್ಟು ಎಲೆಕ್ಟ್ರಾನ್ ಬೇಕು?" ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ, ಜಾಣೆ, ತಟ್ಟನೆ "ಆಂಟಿ, ಒಂದು, ಎರಡು, ಮೂರು" ಅಂದಳು. ಬಹಳ ಮಕ್ಕಳು ಹೀಗೇ ಹೇಳುತ್ತಾರೆ. ತಪ್ಪು ಅನ್ನಬೇಡಿ. ವಿದ್ಯುತ್ತಿನ ಲೆಕ್ಕ ಮಾಡಿಸಿ. ಬಿಳಿ ಬಟಾಣಿಗೆ ಮಾತ್ರ ವಿದ್ಯುತ್ತು ಇರುವುದು. ಮೂರೂ ತಟ್ಟೆಯಲ್ಲಿ ಬಿಳಿ ಒಂದೇ. ಹಾಗಾಗಿ ಎಲೆಕ್ಟ್ರಾನೂ ಒಂದೇ. ರಂಗೋಲಿಯೂ ಹೆಚ್ಚುಕಡಿಮೆ ಅದೇ.

ಬೇರೆ ಪರಮಾಣುಗಳ ಜೊತೆ ಕೈ ಹಿಡಿಯುವುದು ಎಲೆಕ್ಟ್ರಾನ್. ಅದು ಒಂದೇ ಥರ ಇರುವುದರಿಂದ ಮೂವರೂ ಆಮ್ಲಜನಕದ ಜೊತೆ ಸೇರಿ ನೀರಾಗುತ್ತಾರೆ. ಬೇರೆ ಮೂಲವಸ್ತುಗಳ ಸಮಸ್ಥಾನಿಗಳಿಗೆ ಸ್ವಂತ ಹೆಸರಿಲ್ಲ, ಬರೀ ಅಂಕಿ. ಯುರೇನಿಯಂ 235, ಯುರೇನಿಯಂ 238, ಅಷ್ಟೇ. ಇವುಗಳ ತೂಕದಲ್ಲಿ ವ್ಯತ್ಯಾಸ ನೂರಕ್ಕೆ ಒಂದು ಚಿಲ್ಲರೆ. ಜಲಜನಕದಲ್ಲಿ ಒಂದು ಹಸಿರು ಬಟಾಣಿ ಸೇರಿದರೆ ತೂಕ ನೇರ ಎರಡು ಪಟ್ಟು! ಇಂಥದ್ದು ಬೇರೆ ಯಾವ ಮೂಲವಸ್ತುವಿನಲ್ಲೂ ಇಲ್ಲ. ಅದಕ್ಕೇ ಇವರಿಗೆ ಮಾತ್ರ ಬೇರೆ ಬೇರೆ ಹೆಸರು.

ಹೆಜ್ಜೆ 4: ಅಕ್ಕಿಯಲ್ಲಿ ಒಂದು ಅರಿಶಿನದ ಕಾಳು

ಸಮುದ್ರದ ನೀರಿನಲ್ಲಿರುವ ಜಲಜನಕದಲ್ಲಿ ಸುಮಾರು 6400 ಪರಮಾಣುಗಳಿಗೆ ಒಂದು ಡ್ಯುಟೇರಿಯಂ. ಮಗು 100 ಅಕ್ಕಿ ಕಾಳು ಎಣಿಸಿ ತೂಗಲಿ. ಅದನ್ನು 64ರಿಂದ ಗುಣಿಸಿದರೆ 6400 ಕಾಳಿನ ತೂಕ ಬರುತ್ತದೆ. ನಮ್ಮ ಮನೆಯ ಅಕ್ಕಿಗೆ 120 ಗ್ರಾಂ ಹತ್ತಿರ ಬಂತು. ಅಷ್ಟು ಅಕ್ಕಿಗೆ ಅರಿಶಿನ ಹಚ್ಚಿದ ಒಂದೇ ಒಂದು ಕಾಳು ಹಾಕಿ ಚೆನ್ನಾಗಿ ಕಲಸಿ, ಮೊರದಲ್ಲಿ ಹರಡಿ ಹುಡುಕಲು ಹೇಳಿ. ಆ ಕಾಳು ಸಿಕ್ಕಾಗ ಆಗುವ ಖುಷಿ ಇದೆಯಲ್ಲ, ಹೆರಾಲ್ಡ್ ಯೂರಿ ಎಂಬ ಅಮೆರಿಕದ ವಿಜ್ಞಾನಿಗೂ 1931ರ ಕೊನೆಯಲ್ಲಿ ಅದೇ ಖುಷಿ ಆಗಿರಬೇಕು.

ಒಂದು ಲೀಟರ್ ನೀರಿನಲ್ಲಿ ಸುಮಾರು 35 ಮಿಲಿಗ್ರಾಂ ಡ್ಯುಟೇರಿಯಂ ಇರುತ್ತದೆ. ನಿಮ್ಮ ಕುಡಿಯುವ ನೀರಿನ ಬಾಟಲಿಯಲ್ಲೂ ಇದೆ. ಇದರಲ್ಲಿ ವಿಕಿರಣ ಇಲ್ಲ, ಡ್ಯುಟೇರಿಯಂ ಪೂರ್ತಿ ಸ್ಥಿರ. ಇದನ್ನು ಒತ್ತಿ ಹೇಳಿ. 'ಭಾರಜಲ' ಅಂದ ಕೂಡಲೇ ಹೆದರುವ ದೊಡ್ಡವರನ್ನೇ ನಾನು ಎಷ್ಟೋ ಜನ ನೋಡಿದ್ದೇನೆ.

ಭಾರಜಲ ಅಂದರೆ ಎರಡೂ ಜಲಜನಕಗಳ ಜಾಗದಲ್ಲಿ ಡ್ಯುಟೇರಿಯಂ ಇರುವ ನೀರು. ಒಂದು ಲೋಟದಲ್ಲಿ 200 ಮಿಲಿಲೀಟರ್ ನೀರು ತೂಗಿಸಿ, 200 ಗ್ರಾಂ. ಅಷ್ಟೇ ಭಾರಜಲ ಸುಮಾರು 221 ಗ್ರಾಂ ತೂಗುತ್ತದೆ. ನಾಲ್ಕು ಚಮಚೆಯಷ್ಟು, ಅಂದರೆ 21 ಗ್ರಾಂ ನೀರನ್ನು ಬೇರೆ ಬಟ್ಟಲಲ್ಲಿ ತೂಗಿ ಪಕ್ಕದಲ್ಲಿಡಿ. "ಈ ಬಟ್ಟಲಿನಷ್ಟು ತೂಕ ಬರೀ ಹಸಿರು ಬಟಾಣಿಗಳದ್ದು." ಭಾರಜಲ 3.8 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, 101.4 ಡಿಗ್ರಿಗೆ ಕುದಿಯುತ್ತದೆ. ಅದರ ಮಂಜುಗಡ್ಡೆಯನ್ನು ಮಾಮೂಲಿ ನೀರಿಗೆ ಹಾಕಿದರೆ ತೇಲುವುದಿಲ್ಲ, ಮುಳುಗುತ್ತದೆ.

ಇದೆಲ್ಲ ನಮ್ಮ ಪಕ್ಕದಲ್ಲೇ ನಡೆಯುವ ಕೆಲಸ. ಮುಂಬೈಯ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಹತ್ತಿ ಮಾಂಡವಾದಲ್ಲಿ ಇಳಿದು ಅಲಿಬಾಗ್ ಕಡೆ ಹೋದರೆ ಥಳ್ ಎಂಬ ಊರು. ಅಲ್ಲಿ ರಸಗೊಬ್ಬರ ಕಾರ್ಖಾನೆಗೆ ಅಂಟಿಕೊಂಡೇ ಒಂದು ಭಾರಜಲ ಘಟಕ ಇದೆ. ಗೊಬ್ಬರಕ್ಕೆ ಅಮೋನಿಯಾ ಮಾಡಲು ತಯಾರಾಗುವ ಜಲಜನಕದಿಂದಲೇ ಡ್ಯುಟೇರಿಯಂ ಅನ್ನು ಸೋಸಿ ತೆಗೆಯುತ್ತಾರೆ. ಹೊಲಕ್ಕೆ ಹೋಗುವ ಯೂರಿಯಾ, ಅಣು ರಿಯಾಕ್ಟರಿಗೆ ಹೋಗುವ ಭಾರಜಲ, ಎರಡಕ್ಕೂ ಮೂಲ ಒಂದೇ.

ರಿಯಾಕ್ಟರಿಗೆ ಯಾಕೆ ಬೇಕು? ಯುರೇನಿಯಂ ಒಡೆದಾಗ ನ್ಯೂಟ್ರಾನುಗಳು ಜೋರಾಗಿ ಹಾರುತ್ತವೆ. ಅವುಗಳ ವೇಗ ಇಳಿಸಬೇಕು. ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ಹಗುರ ಕಾಯಿಗೆ ಬಡಿದಾಗ ವೇಗ ಕಳೆದುಕೊಳ್ಳುವ ಹಾಗೆ, ಹಗುರ ಪರಮಾಣುವಿಗೆ ಬಡಿದು ಬಡಿದು ನ್ಯೂಟ್ರಾನ್ ನಿಧಾನವಾಗುತ್ತದೆ. ಮಾಮೂಲಿ ಜಲಜನಕ ಈ ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಕೆಲವು ನ್ಯೂಟ್ರಾನುಗಳನ್ನು ತಾನೇ ನುಂಗಿಬಿಡುತ್ತದೆ. ಡ್ಯುಟೇರಿಯಂ ಹತ್ತಿರ ಆಗಲೇ ಒಂದು ಹಸಿರು ಬಟಾಣಿ ಇದೆ. ಇನ್ನೊಂದನ್ನು ಅದು ಬಹಳ ಅಪರೂಪಕ್ಕೆ ನುಂಗುತ್ತದೆ. ಮುಂಬೈಯ ಟ್ರಾಂಬೆಯಲ್ಲಿ 1960ರಲ್ಲಿ ಶುರುವಾಗಿ 2010ರಲ್ಲಿ ನಿಂತ ಸೈರಸ್ ರಿಯಾಕ್ಟರಿಗೆ ಭಾರಜಲ ಬೇಕಿತ್ತು. ಅಲ್ಲಿನ 1985ರ ಧ್ರುವ, ನಮ್ಮ ಕಾರವಾರದ ಹತ್ತಿರದ ಕೈಗಾ, ಇವಕ್ಕೂ ಬೇಕು. ಆ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವನ್ನು ನಡೆಸಿದವರಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ ಒಬ್ಬರು ಅಂತ ಮಕ್ಕಳಿಗೆ ಹೇಳಲು ಮರೆಯಬೇಡಿ.

ಹೆಜ್ಜೆ 5: ಬಣ್ಣದ ಗೆರೆಯಲ್ಲಿ ತೂಕ ಓದುವುದು

ಯೂರಿ ಆ ಒಂದು ಕಾಳನ್ನು ಹುಡುಕಿದ್ದು ತಕ್ಕಡಿಯಲ್ಲಿ ಅಲ್ಲ, ಬೆಳಕಿನಲ್ಲಿ.

ಜಲಜನಕ ತುಂಬಿದ ಗಾಜಿನ ಕೊಳವೆಗೆ ಕರೆಂಟು ಕೊಟ್ಟರೆ ಅದು ಕೆಲವೇ ಬಣ್ಣದ ಗೆರೆಗಳನ್ನು ಹೊರಸೂಸುತ್ತದೆ. ಕೆಂಪು ಗೆರೆಯ ಅಲೆಯ ಉದ್ದ 656.3 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್), ನೀಲಿಹಸಿರು 486.1, ನೇರಳೆ 434.0 ಮತ್ತು 410.2. ಎಲೆಕ್ಟ್ರಾನ್ ಶಕ್ತಿಯ ಮೇಲಿನ ಮೆಟ್ಟಿಲಿನಿಂದ ಎರಡನೇ ಮೆಟ್ಟಿಲಿಗೆ ಇಳಿಯುವಾಗ ಬರುವ ಬೆಳಕು ಇದು. ಮೊದಲ ಮೆಟ್ಟಿಲಿನಿಂದ ಎಲೆಕ್ಟ್ರಾನನ್ನು ಪೂರ್ತಿ ಬಿಡಿಸಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಪರಮಾಣುವಿನ ಶಕ್ತಿ ಅಳೆಯುವ ಮಾನ ಇದು. ಮಗು ಹೀಗೆ ಲೆಕ್ಕ ಮಾಡಲಿ. 13.6ನ್ನು 4ರಿಂದ (ಎರಡನೇ ಮೆಟ್ಟಿಲು, 2 × 2) ಭಾಗಿಸಿ, 3.40. ಅದೇ 13.6ನ್ನು 9ರಿಂದ (ಮೂರನೇ ಮೆಟ್ಟಿಲು, 3 × 3) ಭಾಗಿಸಿ, 1.51. ಕಳೆದರೆ 1.89. ಈಗ 1240ನ್ನು (ಶಕ್ತಿಯಿಂದ ಅಲೆಯ ಉದ್ದ ತಿಳಿಯಲು ಬಳಸುವ ಅಂಕಿ) 1.89ರಿಂದ ಭಾಗಿಸಿ. 656 ಬರುತ್ತದೆ. ಕೆಂಪು ಗೆರೆ ಕ್ಯಾಲ್ಕುಲೇಟರಿನಲ್ಲಿ ಸಿಕ್ಕಿತು! 9ರ ಬದಲು 16 ಹಾಕಿದರೆ ನೀಲಿಹಸಿರು. ಉಳಿದೆರಡನ್ನು ಮಗುವೇ ಹುಡುಕಲಿ.

ಹಳೆಯ ಸಿಡಿ ಇದ್ದರೆ ಟ್ಯೂಬ್‌ಲೈಟಿನ ಬೆಳಕನ್ನು ಓರೆಯಾಗಿ ಹಿಡಿದು ಬಣ್ಣ ಬಿಡಿಸಿ ನೋಡಿ. ಅದು ಜಲಜನಕದ ಬೆಳಕಲ್ಲ, ಆದರೆ ಬೆಳಕು ಹೇಗೆ ಬೇರೆಯಾಗುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಸೂರ್ಯನ ಕಡೆ ಮಾತ್ರ ಸಿಡಿ ತಿರುಗಿಸಲೇಬಾರದು.

ಈಗ ಡ್ಯುಟೇರಿಯಂ. ಅಪ್ಪ ಮಗು ಕೈ ಹಿಡಿದು ಗಿರಗಿರ ತಿರುಗುವ ಆಟ ಆಡಿಸಿ. ಮಗು ದೊಡ್ಡ ಸುತ್ತು ಸುತ್ತುತ್ತದೆ. ಅಪ್ಪನ ಕಾಲೂ ಒಂದಿಷ್ಟು ಸುತ್ತುತ್ತದೆ. ಅಪ್ಪ ಇನ್ನೂ ಭಾರ ಇದ್ದರೆ ಅವರ ಕಾಲು ಇನ್ನೂ ಕಡಿಮೆ ಸುತ್ತುತ್ತದೆ. ಹಾಗೇ, ಪ್ರೋಟಾನ್ ಕೂಡ ಪೂರ್ತಿ ನಿಂತಿರುವುದಿಲ್ಲ, ಚೂರು ಅಲುಗುತ್ತದೆ. ಡ್ಯುಟೇರಿಯಂನ ಬೀಜ ಎರಡು ಪಟ್ಟು ಭಾರ, ಅದು ಅಲುಗುವುದು ಅರ್ಧ. ಈ ಅರ್ಧದಿಂದ ಗೆರೆಯ ಜಾಗ ಒಂದಿಷ್ಟು ಸರಿಯುತ್ತದೆ. ಎಷ್ಟು? 656.3ನ್ನು 1836ರಿಂದ ಭಾಗಿಸಿ, ಬಂದದ್ದನ್ನು ಅರ್ಧ ಮಾಡಿ. 0.18 ನ್ಯಾನೋಮೀಟರ್. ಪ್ರಯೋಗಾಲಯದಲ್ಲಿ ಅಳೆದಾಗಲೂ ಅಷ್ಟೇ ಸಿಗುತ್ತದೆ. ಯೂರಿ ಮತ್ತು ಜೊತೆಗಾರರು ದ್ರವ ಜಲಜನಕವನ್ನು ನಿಧಾನಕ್ಕೆ ಆವಿ ಮಾಡಿದರು. ಹಗುರದ್ದು ಮೊದಲು ಹಾರಿಹೋಗಿ ಭಾರದ್ದು ತಳದಲ್ಲಿ ಹೆಚ್ಚಾಯಿತು. ಉಳಿದದ್ದರಲ್ಲಿ ಈ ಸರಿದ ಗೆರೆಗಳನ್ನು ಕಂಡರು. 1934ರಲ್ಲಿ ಯೂರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಇಸವಿಗಳು. ಡ್ಯುಟೇರಿಯಂ ಸಿಕ್ಕಿದಾಗ ನ್ಯೂಟ್ರಾನ್ ಇನ್ನೂ ಸಿಕ್ಕಿರಲಿಲ್ಲ. ಜಾಸ್ತಿ ತೂಕ ಇದೆ ಅಂತ ಗೊತ್ತಾಯಿತು. ಆ ತೂಕ ಯಾರದ್ದು ಅಂತ ಗೊತ್ತಾದದ್ದು ಮರುವರ್ಷ.

ಹೆಜ್ಜೆ 6: ಕಡಿಮೆ ಬಿದ್ದ ಪೈಸೆ

ಇಡೀ ಪಾಠದ ಜೀವ ಇಲ್ಲಿದೆ. ಒಂದು ಭಾನುವಾರ ಪೂರ್ತಿ ಇದಕ್ಕೇ ಇಡಿ.

ಲೆಕ್ಕದ ಪುಸ್ತಕದಲ್ಲಿ ಬರೆಸಿ. ಪ್ರೋಟಾನ್ 1836.15, ನ್ಯೂಟ್ರಾನ್ 1838.68. ಕೂಡಿಸಿದರೆ 3674.83. ಡ್ಯುಟೇರಿಯಂ ಬೀಜವನ್ನು ತೂಗಿದರೆ 3670.48. ಕಡಿಮೆ ಬಿದ್ದದ್ದು 4.35 ಪೈಸೆ.

ಎಲ್ಲಿ ಹೋಯಿತು? ಮಗುವಿಗೆ ಯೋಚಿಸಲು ಬಿಡಿ. ಉತ್ತರ ಹೇಳುವ ಆತುರ ಬೇಡ. ನಮ್ಮ ಮನೆಯಲ್ಲಿ ಒಬ್ಬ ಹುಡುಗ "ಬಟಾಣಿ ಸವೆದಿರಬೇಕು" ಅಂದ. ಇನ್ನೊಬ್ಬ ತಕ್ಕಡಿಯೇ ಸರಿಯಿಲ್ಲ ಅಂದ. ಎರಡನ್ನೂ ಕೇಳಿಸಿಕೊಂಡು ಆಮೇಲೆ ಹೇಳಿ: ಎರಡೂ ಕಣ ಸೇರುವಾಗ ಅಷ್ಟು ತೂಕ ಶಕ್ತಿಯಾಗಿ, ಗಾಮಾ ಕಿರಣವಾಗಿ ಹೊರಗೆ ಹೋಯಿತು. ಐನ್‌ಸ್ಟೈನ್ ಸಮೀಕರಣದ ಪ್ರಕಾರ ಒಂದು ಪೈಸೆಗೆ 5 ಲಕ್ಷ 11 ಸಾವಿರ ಎಲೆಕ್ಟ್ರಾನ್ ವೋಲ್ಟ್. 4.35 ಪೈಸೆಗೆ ಸುಮಾರು 22 ಲಕ್ಷ. ಆ ಎರಡನ್ನು ಮತ್ತೆ ಬಿಡಿಸಬೇಕಾದರೆ ಅಷ್ಟನ್ನೂ ವಾಪಸು ಕೊಡಬೇಕು. ಎಲೆಕ್ಟ್ರಾನನ್ನು ಬಿಡಿಸಲು ಬರೀ 13.6 ಸಾಕಾಗಿತ್ತು, ನೆನಪಿದೆಯಲ್ವಾ? ಒಲೆಯ ಬೆಂಕಿಗೂ ರಿಯಾಕ್ಟರಿಗೂ ಇರುವ ಅಂತರ ಈ ಎರಡು ಅಂಕಿಗಳ ನಡುವೆ ಇದೆ.

ಈಗ ಆ ಎರಡೂವರೆ ಪೈಸೆಗೆ ಬನ್ನಿ. ಒಂಟಿ ನ್ಯೂಟ್ರಾನ್ ಬಾಳುವುದಿಲ್ಲ. ಹತ್ತು ನಿಮಿಷದ ಆಸುಪಾಸಿನಲ್ಲಿ ಅರ್ಧಕ್ಕರ್ಧ ನ್ಯೂಟ್ರಾನುಗಳು ಮುರಿದು ಪ್ರೋಟಾನ್ ಆಗುತ್ತವೆ. ಒಂದು ಎಲೆಕ್ಟ್ರಾನ್, ಒಂದು ಆಂಟಿನ್ಯೂಟ್ರಿನೋ (ತೂಕ ಇಲ್ಲವೇ ಇಲ್ಲ ಅನ್ನುವಷ್ಟು ಹಗುರ ಕಣ) ಹೊರಬರುತ್ತವೆ. ಲೆಕ್ಕ ನೋಡಿ. ಜಾಸ್ತಿ ಇರುವುದು 2.53 ಪೈಸೆ. ಎಲೆಕ್ಟ್ರಾನಿಗೆ 1 ಪೈಸೆ ಕೊಟ್ಟರೂ 1.53 ಮಿಗುತ್ತದೆ. ಅದು ಹಾರುವ ಶಕ್ತಿ. ಕೈಯಲ್ಲಿ ದುಡ್ಡಿದೆ, ಮುರಿಯುತ್ತದೆ.

ಹಾಗಾದರೆ ಡ್ಯುಟೇರಿಯಂ ಒಳಗಿನ ನ್ಯೂಟ್ರಾನ್ ಯಾಕೆ ಮುರಿಯುವುದಿಲ್ಲ? ಮುರಿದರೆ ಎರಡು ಪ್ರೋಟಾನ್ ಉಳಿಯುತ್ತವೆ. ಎರಡು ಪ್ರೋಟಾನ್ ಮಾತ್ರ ಸೇರಿ ಒಂದು ಬೀಜವಾಗಿ ನಿಲ್ಲಲಾರವು. ಅಂದರೆ ಗಂಟು ಬಿಚ್ಚಲೇಬೇಕು, ಅದಕ್ಕೆ 4.35 ಪೈಸೆ ಬೇಕು. ಕೈಯಲ್ಲಿರುವುದು 1.53. ಸಾಲುವುದಿಲ್ಲ! ಅದಕ್ಕೇ ಡ್ಯುಟೇರಿಯಂ ಸ್ಥಿರ. ಎರಡು ಸಾಲಿನ ಕಳೆಯುವ ಲೆಕ್ಕ, ಸಮುದ್ರದ ನೀರಿನಲ್ಲಿ ಡ್ಯುಟೇರಿಯಂ ಯಾಕೆ ಉಳಿದಿದೆ ಅನ್ನುವುದಕ್ಕೆ ಉತ್ತರ. ಇದನ್ನು ಮೊದಲ ಸಲ ಕೂಡಿ ಕಳೆದು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೆಜ್ಜೆ 7: ಟ್ರಿಟಿಯಂ ಮತ್ತು 64 ನಾಣ್ಯ

ಟ್ರಿಟಿಯಂಗೆ ಆ ಭಾಗ್ಯ ಇಲ್ಲ. ಅದರ ಬೀಜ 5496.92 ಪೈಸೆ. ಒಂದು ಹಸಿರು ಬಟಾಣಿ ಬಿಳಿಯಾದರೆ ಎರಡು ಬಿಳಿ, ಒಂದು ಹಸಿರು. ಅದು ಹೀಲಿಯಂ 3, ಗಟ್ಟಿಯಾಗಿ ನಿಲ್ಲುವ ಬೀಜ. ತೂಕ ಟ್ರಿಟಿಯಂಗಿಂತ 1.036 ಪೈಸೆ ಕಡಿಮೆ. ಎಲೆಕ್ಟ್ರಾನಿಗೆ 1 ಪೈಸೆ ಕೊಟ್ಟ ಮೇಲೆ 0.036 ಮಿಗುತ್ತದೆ. ಚಿಲ್ಲರೆಯಲ್ಲಿ ಚಿಲ್ಲರೆ, ಸುಮಾರು ಹದಿನೆಂಟೂವರೆ ಸಾವಿರ ಎಲೆಕ್ಟ್ರಾನ್ ವೋಲ್ಟ್. ಆದರೂ ಮಿಕ್ಕಿದೆ ತಾನೇ? ಮುರಿಯುತ್ತದೆ. ಮಿಗುವುದು ಇಷ್ಟು ಕಡಿಮೆ ಇರುವುದರಿಂದಲೇ ನಿಧಾನವಾಗಿ ಮುರಿಯುತ್ತದೆ. ಹೊರಬರುವ ಎಲೆಕ್ಟ್ರಾನ್ ಗಾಳಿಯಲ್ಲಿ ಹೆಚ್ಚೆಂದರೆ ಅರ್ಧ ಸೆಂಟಿಮೀಟರ್ ಚಿಲ್ಲರೆ ಹೋಗುತ್ತದೆ, ಚರ್ಮ ದಾಟುವುದಿಲ್ಲ. ದೇಹದ ಒಳಗೆ ಹೋದರೆ ಮಾತ್ರ ಹುಷಾರಾಗಿರಬೇಕು.

64 ನಾಣ್ಯ ಒಟ್ಟಿಗೆ ಎಸೆಯಲಿ. ಸಿಂಹ ಬಿದ್ದವನ್ನು ತೆಗೆದಿಡಿ, ಅವು ಹೀಲಿಯಂ ಆದವು. ಉಳಿದವನ್ನು ಮತ್ತೆ ಎಸೆಯಿರಿ. ಒಂದೊಂದು ಎಸೆತ 12.3 ವರ್ಷ, ಇರುವ ಟ್ರಿಟಿಯಂನಲ್ಲಿ ಅರ್ಧ ಮುರಿಯಲು ಹಿಡಿಯುವ ಕಾಲ. ಚೌಕಾಬಾರದ ಹುಣಸೆ ಬೀಜ, ಕವಡೆ ಬೇಡ. ಅವು ಎರಡು ಬದಿಗೂ ಸಮಸಮ ಬೀಳುವುದಿಲ್ಲ. ಆರು ಎಸೆತಕ್ಕೆ ಒಂದೆರಡು ನಾಣ್ಯ ಉಳಿಯಬಹುದು. ಆರು ಎಸೆತ ಅಂದರೆ 74 ವರ್ಷ, ಒಂದು ಅಜ್ಜಿಯ ಆಯುಸ್ಸು. ಮುಂದಿನ ಸಲ ಯಾವ ನಾಣ್ಯ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಎಷ್ಟು ಹೋಗುತ್ತವೆ ಅಂತ ಮಾತ್ರ ಅಂದಾಜು ಗೊತ್ತು. ಪರಮಾಣುವಿನಲ್ಲೂ ಹಾಗೇ.

ಹೀಗೆ ಮುರಿಯುತ್ತಲೇ ಇದ್ದರೆ ಟ್ರಿಟಿಯಂ ಪೂರ್ತಿ ಮುಗಿದಿರಬೇಕಿತ್ತಲ್ಲ? ಬಾಹ್ಯಾಕಾಶದಿಂದ ಬರುವ ಕಿರಣಗಳಿಂದ ಮೇಲಿನ ಗಾಳಿಯಲ್ಲಿ ಹೊಸದು ಹುಟ್ಟುತ್ತಲೇ ಇರುತ್ತದೆ. ರಿಯಾಕ್ಟರಿನ ಭಾರಜಲದಲ್ಲೂ ಒಂದಿಷ್ಟು ಹುಟ್ಟುತ್ತದೆ.

ಹೆಜ್ಜೆ 8: ಬಟಾಣಿಯ ಒಳಗೆ

ಹತ್ತನೇ ಕ್ಲಾಸು ದಾಟಿದವರಿಗೆ ಮಾತ್ರ ಇದು. ಪ್ರೋಟಾನ್ ಒಳಗೆ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳು ಮೂರು: ಅಪ್ ಎಂಬ ಜಾತಿಯವು ಎರಡು, ಡೌನ್ ಎಂಬ ಜಾತಿಯದು ಒಂದು. ನ್ಯೂಟ್ರಾನ್ ಒಳಗೆ ಒಂದು ಅಪ್, ಎರಡು ಡೌನ್. ಅಪ್‌ಗೆ ವಿದ್ಯುತ್ತು ಮೂರರಲ್ಲಿ ಎರಡು ಪಾಲು ಧನ, ಡೌನ್‌ಗೆ ಮೂರರಲ್ಲಿ ಒಂದು ಪಾಲು ಋಣ. 2 + 2 − 1 = 3, ಮೂರರಿಂದ ಭಾಗಿಸಿದರೆ 1. ಅದು ಪ್ರೋಟಾನ್. 2 − 1 − 1 = 0. ಅದು ನ್ಯೂಟ್ರಾನ್. ಹಸಿರು ಬಟಾಣಿ ಬಿಳಿಯಾಗುವುದು ಅಂದರೆ ಒಂದು ಡೌನ್ ಅಪ್ ಆಗುವುದು, ಅಷ್ಟೇ.

ತೂಕದ ಲೆಕ್ಕ ಇಲ್ಲಿ ಮತ್ತೆ ದಂಗು ಬಡಿಸುತ್ತದೆ. ಮೂರೂ ಕ್ವಾರ್ಕುಗಳ ಸ್ವಂತ ತೂಕ ಕೂಡಿಸಿದರೆ ಸುಮಾರು 18 ಪೈಸೆ. ಪ್ರೋಟಾನ್ 18 ರೂಪಾಯಿ 36 ಪೈಸೆ. ಉಳಿದ 18 ರೂಪಾಯಿ ಕ್ವಾರ್ಕುಗಳ ಓಡಾಟದ ಶಕ್ತಿ ಮತ್ತು ಅವನ್ನು ಹಿಡಿದಿಟ್ಟ ಗ್ಲುವಾನುಗಳ ಶಕ್ತಿ. ಮಗು ತಕ್ಕಡಿ ಮೇಲೆ ನಿಂತರೆ ತೋರಿಸುವ 40 ಕಿಲೋದಲ್ಲಿ ಹೆಚ್ಚಿನ ಪಾಲು ಇಂಥ ಶಕ್ತಿಯೇ.

ಹೆಜ್ಜೆ 9: ಖೊಡದ್‌ಗೆ ಒಂದು ದಿನ

ಕಲ್ಯಾಣದಿಂದ ಮಾಳ್ಶೇಜ್ ಘಾಟ್ ಹತ್ತಿ ಹೋದರೆ, ನಾರಾಯಣಗಾಂವ್ ಹತ್ತಿರ ಖೊಡದ್ ಎಂಬ ಹಳ್ಳಿ. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ಅಲ್ಲಿ ಮತ್ತು ಸುತ್ತಮುತ್ತ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕದ 30 ತಟ್ಟೆಗಳಿವೆ. ಒಂದೊಂದೂ 45 ಮೀಟರ್ ಅಗಲ. ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಅಲ್ಲಿ ಪ್ರದರ್ಶನ ಇರುತ್ತದೆ. ಮೊದಲೇ ವಿಚಾರಿಸಿಕೊಂಡು ಹೋಗಿ.

ಜಲಜನಕಕ್ಕೂ ಈ ತಟ್ಟೆಗಳಿಗೂ ಏನು ನಂಟು? ಎಲೆಕ್ಟ್ರಾನೂ ಪ್ರೋಟಾನೂ ಎರಡೂ ಚಿಕ್ಕ ಅಯಸ್ಕಾಂತಗಳ ಹಾಗೆ. ಎರಡರ ತಿರುಗುವಿಕೆಯ ದಿಕ್ಕು ಒಂದೇ ಇದ್ದಾಗ ಶಕ್ತಿ ಚೂರು ಜಾಸ್ತಿ, ವಿರುದ್ಧ ಇದ್ದಾಗ ಕಡಿಮೆ. ಎಲೆಕ್ಟ್ರಾನ್ ಮಗುಚಿದಾಗ ರೇಡಿಯೋ ಅಲೆ ಹೊರಡುತ್ತದೆ. 1420 ಮೆಗಾಹರ್ಟ್ಜ್, ಅಲೆಯ ಉದ್ದ 21 ಸೆಂಟಿಮೀಟರ್. ಜೆರಾಕ್ಸ್ ಅಂಗಡಿಯ ಎ-ಫೋರ್ ಹಾಳೆಯ ಅಗಲವೂ ಸರಿಯಾಗಿ 21 ಸೆಂಟಿಮೀಟರ್. ಒಂದು ಹಾಳೆ ಜೊತೆಗೆ ಒಯ್ದು, ಆ ತಟ್ಟೆಗಳ ಮುಂದೆ ಮಗುವಿನ ಕೈಗೆ ಕೊಡಿ. ಆಕಾಶಗಂಗೆಯ ಜಲಜನಕ ಈ ಅಗಲದ ಅಲೆಯಲ್ಲೇ ತನ್ನ ಸುಳಿವು ಕೊಡುತ್ತದೆ. ಡ್ಯುಟೇರಿಯಂದು 327 ಮೆಗಾಹರ್ಟ್ಜ್, ಸುಮಾರು 92 ಸೆಂಟಿಮೀಟರ್, ನಾಲ್ಕು ಹಾಳೆಗಿಂತ ಜಾಸ್ತಿ. ಹಸಿರು ಬಟಾಣಿ ಸೇರಿದರೆ ಬೀಜದ ಅಯಸ್ಕಾಂತ ದುರ್ಬಲವಾಗುತ್ತದೆ, ಅದಕ್ಕೆ.

ಹೆಜ್ಜೆ 10: ಕೊನೆಯ ಪುಟದ ಲೆಕ್ಕ

ಇದನ್ನು ನೀವು ಮಾಡಿ ತೋರಿಸಬೇಡಿ. ಅಂಕಿ ಮಾತ್ರ ಕೊಡಿ.

ಡ್ಯುಟೇರಿಯಂ ಬೀಜ 3670.48. ಟ್ರಿಟಿಯಂ ಬೀಜ 5496.92. ಎರಡನ್ನೂ ಕೋಟಿಗಟ್ಟಲೆ ಡಿಗ್ರಿ ಶಾಖದಲ್ಲಿ ಡಿಕ್ಕಿ ಹೊಡೆಸಿದರೆ ಸೇರಿಕೊಂಡು ಹೀಲಿಯಂ 4 ಆಗುತ್ತವೆ, 7294.30. ಒಂದು ನ್ಯೂಟ್ರಾನ್ ಹೊರಗೆ ಹಾರುತ್ತದೆ, 1838.68. ಬಟಾಣಿ ಎಣಿಕೆ ಸರಿಯಿದೆಯೇ ಅಂತ ಮೊದಲು ನೋಡಲಿ: ಒಳಗೆ ಹೋದದ್ದು ಎರಡು ಬಿಳಿ, ಮೂರು ಹಸಿರು, ಹೊರಗೆ ಬಂದದ್ದೂ ಅಷ್ಟೇ. ಆಮೇಲೆ ಪೈಸೆ. ಫ್ರಾನ್ಸಿನ ಕಡರಾಶ್‌ನಲ್ಲಿ ನಮ್ಮ ದೇಶವೂ ಪಾಲುದಾರ ಆಗಿರುವ, ಹೀಗೆ ಬೀಜಗಳನ್ನು ಸೇರಿಸಿ ಶಕ್ತಿ ಪಡೆಯಲು ನೋಡುವ ಈಟರ್ ಯಂತ್ರ ಕಟ್ಟುತ್ತಿರುವುದು ಈ ಒಂದು ಲೆಕ್ಕವನ್ನು ನಂಬಿ.

ಪಕ್ಕದ ಮನೆಯ ಹುಡುಗಿ ಪೆನ್ಸಿಲಿನಲ್ಲಿ ಎರಡು ಸಲ ಕೂಡಿಸಿದಳು. ಒಂದು ಕಡೆ 9167.40, ಇನ್ನೊಂದು ಕಡೆ 9132.98. ಕಡಿಮೆ ಬಿದ್ದದ್ದು 34.42 ಪೈಸೆ. ಸುಮಾರು 1 ಕೋಟಿ 76 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದು ತಲೆ ಎತ್ತಿದಳು. "ಆಂಟಿ, ಕಳೆದುಹೋಗಿಲ್ಲ, ಎಲ್ಲಿ ಹೋಗಿದೆ ಅಂತ ಗೊತ್ತು" ಅಂದಳು.